ಲಿಥಿಯಂ ಬ್ಯಾಟರಿ ಹಾಕಿಸಿದ ಮೇಲೆ ಕೊಟ್ಟಿಗೆಯ ಬಲ್ಬ್ ಯಾಕೆ ಸುಟ್ಟಿತು?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ತಾಲೂಕಿನ ತೋಟದ ಮನೆ. ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋದರೆ ಎರಡು ಮೂರು ದಿನ ಕರೆಂಟ್ ಇರುವುದಿಲ್ಲ. 850 ವಿಎ ಯುಪಿಎಸ್ ಇದೆ. ಜೊತೆಗೆ 165 ವ್ಯಾಟಿನ ಎರಡು ಸೋಲಾರ್ ಪ್ಯಾನೆಲ್, ಪ್ಯಾನೆಲ್‌ನಿಂದ ಬ್ಯಾಟರಿಗೆ ಹೋಗುವ ಚಾರ್ಜನ್ನು ನೋಡಿಕೊಳ್ಳುವ ಒಂದು ಪಿಡಬ್ಲ್ಯೂಎಂ ಕಂಟ್ರೋಲರ್. ಕೊಟ್ಟಿಗೆಗೆ, ಜಗಲಿಗೆ ಕಂಟ್ರೋಲರ್‌ನಿಂದಲೇ 12 ವೋಲ್ಟಿನ ಬಲ್ಬ್ ಎಳೆದಿದ್ದೇವೆ. 150 ಎಎಚ್ ಟ್ಯೂಬ್ಯುಲರ್ (ಸೀಸ-ಆಸಿಡ್) ಬ್ಯಾಟರಿ ಆರು ವರ್ಷ ಬಾಳಿಕೆ ಬಂತು. ಈ ಸಲ ಅದನ್ನು ತೆಗೆದು 12.8 ವೋಲ್ಟ್, 100 ಎಎಚ್ ಲಿಥಿಯಂ ಹಾಕಿಸಿದೆವು. ಅಂಗಡಿಯವರು "ಹಳೇ ವೈರಿಗೇ ಸಿಕ್ಕಿಸಿ, ಏನೂ ಬದಲಾಯಿಸೋದು ಬೇಡ" ಅಂದರು. ನಾಲ್ಕು ವಾರ ಚೆನ್ನಾಗಿತ್ತು. ಒಂದು ದಿನ ಒಳ್ಳೆ ಬಿಸಿಲು, ಮಧ್ಯಾಹ್ನ ಕೊಟ್ಟಿಗೆಯ ಎರಡೂ ಬಲ್ಬ್ ಒಟ್ಟಿಗೇ ಸುಟ್ಟವು. ಆಮೇಲೊಂದು ಸಲ ಮೂರು ದಿನ ಕರೆಂಟ್ ಇಲ್ಲದಾಗ ಬ್ಯಾಟರಿ ಸತ್ತೇ ಹೋಯಿತು. ಮೀಟರ್ ಹಿಡಿದರೆ ಸೊನ್ನೆ. ಕರೆಂಟ್ ಬಂದರೂ ಯುಪಿಎಸ್ ಚಾರ್ಜ್ ಮಾಡಲಿಲ್ಲ. ಅಂಗಡಿಗೆ ಒಯ್ದಾಗ ಏನೋ ಮಾಡಿ ಎಬ್ಬಿಸಿ ಕೊಟ್ಟರು. ಮೈದುನ "ಎಲೆಕ್ಟ್ರಿಕ್ ಸ್ಕೂಟರಿಗೆ ಬೆಂಕಿ ಹತ್ತಿದ ಹಾಗೆ ಇದಕ್ಕೂ ಹತ್ತುತ್ತೆ, ಮನೆಯಿಂದ ಆಚೆ ಇಡಿ" ಅಂತಾನೆ. ಬ್ಯಾಟರಿಯೇ ಕೆಟ್ಟದ್ದಾ? ಹಳೇ ಟ್ಯೂಬ್ಯುಲರನ್ನೂ ಪಕ್ಕದಲ್ಲಿ ಸೇರಿಸಿದರೆ ಹೊರೆ ಕಮ್ಮಿ ಆಗುತ್ತದೆಯೇ? ಕರೆಂಟ್ ಇಲ್ಲದ ದಿನ ನಮ್ಮ ಪಿಕಪ್‌ನಿಂದ ಚಾರ್ಜ್ ಮಾಡಬಹುದೇ?

ಉತ್ತರ: ನೀವು ಬರೆದದ್ದನ್ನು ನೋಡಿದರೆ ಬ್ಯಾಟರಿ ಕೆಟ್ಟಿದೆ ಅಂತ ನನಗೆ ಅನ್ನಿಸುವುದಿಲ್ಲ. ಅದು ಎರಡು ಸಲ ತನ್ನನ್ನು ತಾನು ಕಾಪಾಡಿಕೊಂಡಿದೆ. ಒಂದು ಸಲ ಜಾಸ್ತಿ ಚಾರ್ಜ್‌ನಿಂದ, ಇನ್ನೊಂದು ಸಲ ಪೂರ್ತಿ ಖಾಲಿ ಆಗುವುದರಿಂದ. ಬಲ್ಬ್ ಸುಟ್ಟದ್ದು, ಮೀಟರ್ ಸೊನ್ನೆ ತೋರಿಸಿದ್ದು ಎರಡೂ ಅದರ ಪರಿಣಾಮ. ಹತ್ತೊಂಬತ್ತು ವರ್ಷದಿಂದ ಮಲೆನಾಡಿನ ಮನೆಗಳಿಗೆ ಸೋಲಾರ್, ಯುಪಿಎಸ್ ಹಾಕುತ್ತಾ ಬಂದಿದ್ದೇನೆ. "ಹಳೇ ವೈರಿಗೇ ಸಿಕ್ಕಿಸಿ" ಅನ್ನುವ ಮಾತಿನಿಂದ ಆದ ರಿಪೇರಿಗಳೇ ಈಚೆಗೆ ನನ್ನ ಅರ್ಧ ಕೆಲಸ.

ಮೊದಲು ಬಲ್ಬಿನ ಕಥೆ ನೋಡೋಣ. ನಿಮ್ಮ 12.8 ವೋಲ್ಟಿನ ಡಬ್ಬಿಯೊಳಗೆ ನಾಲ್ಕು ಸೆಲ್ ಸಾಲಾಗಿ ಇವೆ, ಒಂದೊಂದು 3.2 ವೋಲ್ಟಿನದು. ಒಂದು ಸೆಲ್ 3.65 ವೋಲ್ಟ್ ದಾಟಬಾರದು. ನಾಲ್ಕಕ್ಕೆ ಲೆಕ್ಕ ಹಾಕಿದರೆ 14.6. ಸೆಲ್‌ಗಳ ಮೇಲೆ ಕಾವಲಿಗೆ ಬಿಎಂಎಸ್ ಅನ್ನುವ ಒಂದು ಸರ್ಕ್ಯೂಟ್ ಇರುತ್ತದೆ. ಅದು ನೋಡುವುದು ಒಟ್ಟು ವೋಲ್ಟನ್ನಷ್ಟೇ ಅಲ್ಲ, ಒಂದೊಂದು ಸೆಲ್ಲನ್ನೂ ಬೇರೆ ಬೇರೆ ನೋಡುತ್ತದೆ. ಹೊಸ ಬ್ಯಾಟರಿಯಲ್ಲಿ ನಾಲ್ಕೂ ಸೆಲ್ ಒಂದೇ ಸಮ ಇರುವುದು ಅಪರೂಪ. ಹೊರಗಿನ ಮೀಟರಿನಲ್ಲಿ 14.4 ಕಾಣುವಾಗ ಒಳಗೆ ಮೂರು ಸೆಲ್ 3.57ರಲ್ಲಿದ್ದು, ನಾಲ್ಕನೆಯದು 3.69 ಮುಟ್ಟಿರಬಹುದು. ಒಂದು ಸೆಲ್ ಗೆರೆ ದಾಟಿದ ತಕ್ಷಣ ಬಿಎಂಎಸ್ ಚಾರ್ಜಿನ ಬಾಗಿಲು ಹಾಕಿಬಿಡುತ್ತದೆ.

ಈಗ ನಿಮ್ಮ ಕಂಟ್ರೋಲರ್ ಕಡೆ ಬನ್ನಿ. ಅದು ಸೀಸ-ಆಸಿಡ್ ಬ್ಯಾಟರಿಗೆ ಅಂತ ಮಾಡಿದ್ದು. ಟ್ಯೂಬ್ಯುಲರ್ ಬ್ಯಾಟರಿಯ ತಟ್ಟೆಗಳ ಮೇಲೆ ಕೂತ ಸಲ್ಫೇಟ್ ಕರಗಲಿ, ಆಸಿಡ್ ಚೆನ್ನಾಗಿ ಬೆರೆಯಲಿ ಅಂತ ಆಗಾಗ ಬೇಕಂತಲೇ ವೋಲ್ಟ್ ಏರಿಸಿ ಕುದಿಸುತ್ತಾರೆ. ಇದಕ್ಕೆ ಈಕ್ವಲೈಸ್ ಅಂತಾರೆ. ಬಹಳ ಕಂಟ್ರೋಲರ್‌ಗಳಲ್ಲಿ ಇದು ಸುಮಾರು 28 ದಿನಕ್ಕೊಮ್ಮೆ ತಾನಾಗೇ ಓಡುವ ಹಾಗೆ ಕಾರ್ಖಾನೆಯಲ್ಲೇ ಕೂರಿಸಿರುತ್ತಾರೆ. ನೀವು ಬರೆದ "ನಾಲ್ಕು ವಾರ ಚೆನ್ನಾಗಿತ್ತು" ಓದಿದಾಗ ನನಗೆ ಮೊದಲು ನೆನಪಾದದ್ದು ಇದೇ. ಆಗ ವೋಲ್ಟ್ 14.8ಕ್ಕೆ ಹೋಗುತ್ತದೆ. ಇದರ ಮೇಲೆ ಟೆಂಪರೇಚರ್ ಕಾಂಪನ್ಸೇಷನ್ ಅಂತ ಇನ್ನೊಂದಿದೆ. 25 ಡಿಗ್ರಿಗಿಂತ ತಂಪಾದರೆ ಒಂದೊಂದು ಡಿಗ್ರಿಗೂ ವೋಲ್ಟನ್ನು ಒಂಚೂರು ಏರಿಸುವ ಲೆಕ್ಕ. ನಿಮ್ಮ ಊರಿನ ಮಳೆಗಾಲದ 20 ಡಿಗ್ರಿಯಲ್ಲಿ ಅದು ಇನ್ನೊಂದು 0.1 ವೋಲ್ಟ್ ಸೇರಿಸಿ 14.9ರ ಹತ್ತಿರ ಒಯ್ಯುತ್ತದೆ. ಸೀಸದ ಬ್ಯಾಟರಿಗೆ ಇದು ಔಷಧ. ಲಿಥಿಯಂಗೆ ಇದರ ಅಗತ್ಯ ಒಂದು ಚೂರೂ ಇಲ್ಲ.

ಹಾಗಾಗಿ ಆ ಮಧ್ಯಾಹ್ನ ಬಿಎಂಎಸ್ ಚಾರ್ಜ್ ಕಡಿಯಿತು. ಸರಿ, ಬ್ಯಾಟರಿ ಉಳಿಯಿತು. ಆದರೆ ಪ್ಯಾನೆಲ್ ಬಿಸಿಲಲ್ಲೇ ಇದೆಯಲ್ಲ, ಅದಕ್ಕೇನು ಗೊತ್ತು? ನಿಮ್ಮ ಬಗೆಯ ಪ್ಯಾನೆಲ್‌ಗೆ ಏನೂ ಜೋಡಿಸದೆ ಬಿಸಿಲಿಗಿಟ್ಟರೆ 21–22 ವೋಲ್ಟ್ ಬರುತ್ತದೆ. ಇಷ್ಟು ದಿನ ಅದನ್ನು 13–14ಕ್ಕೆ ಹಿಡಿದಿಟ್ಟಿದ್ದು ಬ್ಯಾಟರಿ. ಬ್ಯಾಟರಿ ಕೈಬಿಟ್ಟ ಕ್ಷಣ ಆ ವೋಲ್ಟ್ ಕಂಟ್ರೋಲರ್ ಮೂಲಕ ಸೀದಾ ಬಲ್ಬಿಗೆ ನುಗ್ಗಿತು. ಹಗಲಲ್ಲೂ ಕತ್ತಲೆ ಇರುವ ಕೊಟ್ಟಿಗೆ, ಲೈಟ್ ಹಾಕಿಟ್ಟಿದ್ದಿರಿ, ಎರಡೂ ಒಟ್ಟಿಗೇ ಹೋದವು. ಜಗಲಿಯದು ಆರಿಸಿದ್ದಿರಿ ಅಂತ ಕಾಣುತ್ತದೆ, ಅದಕ್ಕೆ ಉಳಿಯಿತು.

ಮುಖ್ಯ ವಿಷಯ ಇಲ್ಲಿದೆ. ಬಿಎಂಎಸ್ ಇರುವುದು ತೋಟದ ಬಾವಿಯ ಕಟ್ಟೆಯ ಹಾಗೆ. ಕತ್ತಲಲ್ಲಿ ಕಾಲು ತಪ್ಪಿದರೆ ತಡೆಯಲಿ ಅಂತ ಕಟ್ಟಿದ್ದು. ದಿನಾ ಅದಕ್ಕೆ ಹೋಗಿ ಗುದ್ದಿ ನಿಲ್ಲುವವರು ಯಾರೂ ಇಲ್ಲ, ಅಲ್ವಾ? ಚಾರ್ಜ್ ನಿಲ್ಲಿಸಬೇಕಾದದ್ದು ಚಾರ್ಜರ್. ಅಂದರೆ ನಿಮ್ಮ ಮನೆಯಲ್ಲಿ ಸೋಲಾರ್ ಕಂಟ್ರೋಲರ್ ಮತ್ತು ಯುಪಿಎಸ್, ಎರಡೂ. "ಒಳಗೆ ಬಿಎಂಎಸ್ ಇದೆ, ಯಾವ ಚಾರ್ಜರ್ ಆದರೂ ನಡೆಯುತ್ತೆ" ಅಂತ ಯಾರಾದರೂ ಹೇಳಿದರೆ ಆ ಮಾತು ಕೇಳಬೇಡಿ.

ಸೊನ್ನೆ ವೋಲ್ಟಿನ ಕಥೆಯೂ ಇದೇ ಜಾತಿಯದು, ದಿಕ್ಕು ಮಾತ್ರ ಉಲ್ಟಾ. ನಿಮ್ಮ ಯುಪಿಎಸ್ ಸುಮಾರು 10.5 ವೋಲ್ಟಿಗೆ "ಬ್ಯಾಟರಿ ಲೋ" ಅಂತ ಕಿರುಚಿ ನಿಲ್ಲುತ್ತದೆ. ಸೀಸದ ಬ್ಯಾಟರಿಗೆ ಅದು ಸರಿ. ಲಿಥಿಯಂ 10.5ಕ್ಕೆ ಇಳಿಯುವ ಹೊತ್ತಿಗೆ ಒಳಗೆ ಏನೂ ಉಳಿದಿರುವುದಿಲ್ಲ. ಇದರ ವೋಲ್ಟ್ ವಿಚಿತ್ರ. 90 ಪರ್ಸೆಂಟ್ ತುಂಬಿದ್ದಾಗಲೂ 13.3ರ ಆಸುಪಾಸು, 30 ಪರ್ಸೆಂಟ್ ಇದ್ದಾಗಲೂ 13ರ ಆಸುಪಾಸು. ಕೊನೆಗೆ ಒಮ್ಮೆಗೇ ಬಂಡೆಯಿಂದ ಬಿದ್ದ ಹಾಗೆ ಕುಸಿಯುತ್ತದೆ. ಯುಪಿಎಸ್ ನಿಂತ ಮೇಲೂ ಅದರ ಬೋರ್ಡು, ಕಂಟ್ರೋಲರಿನ ಡಿಸ್‌ಪ್ಲೇ ಸ್ವಲ್ಪ ಸ್ವಲ್ಪ ಎಳೆಯುತ್ತಲೇ ಇರುತ್ತವೆ. ಸೆಲ್ 2.5 ವೋಲ್ಟಿಗೆ ಬಂದಾಗ ಬಿಎಂಎಸ್ ಆ ಕಡೆಯ ಬಾಗಿಲನ್ನೂ ಹಾಕಿತು. ಹೊರಗೆ ಮೀಟರ್ ಹಿಡಿದರೆ ಸೊನ್ನೆ. ಕರೆಂಟ್ ಬಂದಾಗ ಯುಪಿಎಸ್ ನೋಡಿತು, ಬ್ಯಾಟರಿಯೇ ಕಾಣಲಿಲ್ಲ, ಚಾರ್ಜ್ ಯಾರಿಗೆ ಮಾಡಲಿ ಅಂತ ಸುಮ್ನೆ ಕೂತಿತು.

ಹೀಗಾದರೆ ಮೊದಲು ಪ್ಯಾನೆಲ್ ಬಿಡಿಸಿ, ಆಮೇಲೆ ಬ್ಯಾಟರಿಗೆ ಹೋಗಿರುವ ಎಲ್ಲ ವೈರ್ ಬಿಚ್ಚಿ. ಹಾಗೇ ಒಂದೈದು ನಿಮಿಷ ಬಿಟ್ಟು ಮೀಟರ್ ಹಿಡಿಯಿರಿ. ಬಹಳ ಸಲ ಹೊರೆ ತೆಗೆದರೆ ಸಾಕು, ಬಿಎಂಎಸ್ ತಾನೇ ಎಚ್ಚರವಾಗಿ 10–11 ವೋಲ್ಟ್ ತೋರಿಸುತ್ತದೆ. ಇಲ್ಲದಿದ್ದರೆ ಸೊನ್ನೆಯಿಂದ ಎಬ್ಬಿಸುವ ಸೌಲಭ್ಯ ಇರುವ ಲಿಥಿಯಂ ಚಾರ್ಜರ್ ಬೇಕು. ಅಂಗಡಿಯವರು ಮಾಡಿದ್ದು ಅದನ್ನೇ ಇರಬೇಕು. ಒಂದೆರಡು ದಿನದೊಳಗೆ ಎಬ್ಬಿಸಿದರೆ ಬ್ಯಾಟರಿಗೆ ದೊಡ್ಡ ಪೆಟ್ಟಿಲ್ಲ. ತಿಂಗಳುಗಟ್ಟಲೆ ಖಾಲಿ ಬಿಟ್ಟದ್ದಾದರೆ ಬೇರೆ ಮಾತು. ಸೆಲ್ ತೀರಾ ಕೆಳಗಿಳಿದಾಗ ಒಳಗಿನ ತಾಮ್ರದ ಹಾಳೆ ಕರಗಲು ಶುರುವಾಗುತ್ತದೆ. ಆಮೇಲೆ ಚಾರ್ಜ್ ಮಾಡಿದರೆ ಆ ತಾಮ್ರ ಬೇಡದ ಕಡೆ ಕೂತು ಒಳಗೇ ಶಾರ್ಟ್ ಆಗಬಹುದು. ಅಂಥದ್ದನ್ನು ಎಬ್ಬಿಸಲು ಹೋಗಬಾರದು.

ಮೈದುನನ ಭಯಕ್ಕೆ ಬರೋಣ. ಅವರು ಪೂರ್ತಿ ತಪ್ಪು ಹೇಳುತ್ತಿಲ್ಲ, ಬೇರೆ ಬ್ಯಾಟರಿಯ ಮಾತು ಹೇಳುತ್ತಿದ್ದಾರೆ. ಲಿಥಿಯಂ ಅನ್ನುವುದು ಒಂದೇ ಸಾಮಾನಿನ ಹೆಸರಲ್ಲ, ಅಕ್ಕಿ ಅಂದ ಹಾಗೆ, ಅದರಲ್ಲಿ ಸೋನಾ ಮಸೂರಿಯೂ ಇದೆ, ಕುಚ್ಚಲಕ್ಕಿಯೂ ಇದೆ. ಸ್ಕೂಟರುಗಳಲ್ಲಿ ಹೆಚ್ಚಾಗಿ ಹಾಕುತ್ತಾ ಬಂದದ್ದು ಎನ್‌ಎಂಸಿ, ಅಂದರೆ ನಿಕಲ್, ಮ್ಯಾಂಗನೀಸ್, ಕೋಬಾಲ್ಟ್ ಇರುವ ಸೆಲ್. ಕಮ್ಮಿ ತೂಕದಲ್ಲಿ ಜಾಸ್ತಿ ಶಕ್ತಿ. ಆದರೆ ಬಿಸಿ ಹತೋಟಿ ತಪ್ಪಿದರೆ ಅದು ತನ್ನೊಳಗಿನಿಂದಲೇ ಆಮ್ಲಜನಕ ಬಿಟ್ಟು ಬೆಂಕಿಗೆ ತಾನೇ ಗಾಳಿ ಊದುತ್ತದೆ. 2022ರಲ್ಲಿ ಸಾಲು ಸಾಲಾಗಿ ಸ್ಕೂಟರ್‌ಗಳಿಗೆ ಬೆಂಕಿ ಬಿದ್ದ ಮೇಲೆಯೇ ವಾಹನ ಬ್ಯಾಟರಿಗಳ ಎಐಎಸ್ 156 ನಿಯಮವನ್ನು ಕೇಂದ್ರ ಸರ್ಕಾರ ಬಿಗಿ ಮಾಡಿದ್ದು. ನಿಮ್ಮ ಡಬ್ಬಿ ಮೇಲೆ 12.8 ವೋಲ್ಟ್ ಅಂತಿದ್ದರೆ ಅದು ಲಿಥಿಯಂ ಐರನ್ ಫಾಸ್ಫೇಟ್, ಎಲ್‌ಎಫ್‌ಪಿ. ಇದರಲ್ಲಿ ಆಮ್ಲಜನಕವನ್ನು ರಂಜಕ ಗಟ್ಟಿಯಾಗಿ ಹಿಡಿದುಕೊಂಡಿರುತ್ತದೆ, ಸುಲಭಕ್ಕೆ ಬಿಡುವುದಿಲ್ಲ. ಈ ಪದಾರ್ಥ ಬ್ಯಾಟರಿಗೆ ಆಗುತ್ತದೆ ಅಂತ 1997ರಲ್ಲಿ ತೋರಿಸಿಕೊಟ್ಟವರು ಅಮೆರಿಕದ ಟೆಕ್ಸಾಸ್‌ನಲ್ಲಿ ವಿಜ್ಞಾನಿ ಜಾನ್ ಗುಡ್‌ಇನಫ್ ಅವರ ತಂಡ. ಆ ಪ್ರಬಂಧದ ಮೂವರು ಲೇಖಕರಲ್ಲಿ ಒಬ್ಬರ ಹೆಸರು ನಂಜುಂಡಸ್ವಾಮಿ. ಆ ಹೆಸರು ಕಂಡಾಗಲೆಲ್ಲ ನನಗೆ ಸುಮ್ನೆ ಒಂದು ಖುಷಿ.

ಎಲ್‌ಎಫ್‌ಪಿಗೆ ಬೆಂಕಿ ಬೀಳುವುದೇ ಇಲ್ಲ ಅಂತ ನಾನು ಹೇಳುವುದಿಲ್ಲ. ಒಳಗಿರುವ ದ್ರವ ಉರಿಯುವಂಥದ್ದೇ. ತೀರಾ ಜಾಸ್ತಿ ಚಾರ್ಜ್ ಆಗಿ, ಬಿಎಂಎಸ್ಸೂ ಕೈಕೊಟ್ಟರೆ ಸೆಲ್ ಉಬ್ಬಿ ಹೊಗೆ ಬಿಡುತ್ತದೆ, ಆ ಹೊಗೆಗೆ ಕಿಡಿ ತಾಗಿದರೆ ಉರಿಯುತ್ತದೆ. ಅದಕ್ಕೇ ಚಾರ್ಜರ್ ಸರಿ ಇರಬೇಕು ಅನ್ನುವುದು. ನನಗೆ ನಿಜವಾಗಿ ಹೆದರಿಕೆ ಆಗುವುದು ಬೇರೆ ಒಂದಕ್ಕೆ. ಹಳೇ ಸ್ಕೂಟರ್ ಪ್ಯಾಕ್ ಒಡೆದು, ಅದರ ಎನ್‌ಎಂಸಿ ಸೆಲ್ ಮೂರು ಮೂರು ಸಾಲು ಜೋಡಿಸಿ "12 ವೋಲ್ಟಿನ ಲಿಥಿಯಂ" ಅಂತ ಕಮ್ಮಿ ಬೆಲೆಗೆ ಮಾರುತ್ತಾರೆ. ಮೂರು ಸೆಲ್ ಪೂರ್ತಿ ತುಂಬಿದಾಗ 12.6 ವೋಲ್ಟ್, ಅಷ್ಟೇ. ಅದಕ್ಕೆ ಯುಪಿಎಸ್ಸಿನ 14.4 ಕೊಟ್ಟರೆ ಒಂದೊಂದು ಸೆಲ್ಲಿಗೆ 4.8. ಅದರ ಮಿತಿ 4.2. ಹೋದ ವರ್ಷ ಒಬ್ಬರು ಇಂಥದ್ದನ್ನು ಟಿಫಿನ್ ಕ್ಯಾರಿಯರ್ ಗಾತ್ರದ ತಗಡಿನ ಡಬ್ಬಿಯಲ್ಲಿ ತಂದು ಯುಪಿಎಸ್‌ಗೆ ಹಾಕಿಕೊಡಿ ಅಂದರು. ಮುಟ್ಟುವುದಿಲ್ಲ ಅಂದೆ, ಬೇಜಾರು ಮಾಡಿಕೊಂಡು ಹೋದರು. ಡಬ್ಬಿ ಮೇಲೆ 11.1 ವೋಲ್ಟ್ ಅಂತಿದ್ದರೆ, ಅಥವಾ ಏನೂ ಬರೆಯದೆ ಬರೀ "12 ವೋಲ್ಟ್ ಲಿಥಿಯಂ" ಅಂತಿದ್ದರೆ, ಮನೆಗೆ ತರಬೇಡಿ.

ಬೆಂಕಿಯ ಮಾತಿನಲ್ಲೇ ಇನ್ನೊಂದು. ಮನೆಗಳಲ್ಲಿ ನಾನು ಕಂಡ ಸುಟ್ಟ ಗುರುತುಗಳಲ್ಲಿ ಹೆಚ್ಚಿನವು ಸೆಲ್ಲಿನವಲ್ಲ, ನಟ್ಟಿನವು. ಸಾಗರದ ಕಡೆ ಒಂದು ಮನೆಯಲ್ಲಿ ಯುಪಿಎಸ್ ಟ್ರಾಲಿ ತೆರೆದಾಗ ಪ್ಲಸ್ ಕಡೆಯ ಲಗ್ (ವೈರಿನ ತುದಿಗೆ ಹಾಕುವ ಲೋಹದ ಬಳೆ) ಕಪ್ಪಾಗಿತ್ತು. ಕೆಂಪು ವೈರಿನ ಪ್ಲಾಸ್ಟಿಕ್ ಮೇಣದ ಹಾಗೆ ಕರಗಿ ಬ್ಯಾಟರಿ ಮುಚ್ಚಳದ ಮೇಲೆ ಹನಿ ಹನಿ ಬಿದ್ದು ಗಟ್ಟಿಯಾಗಿತ್ತು. ನಟ್ಟನ್ನು ಬೆರಳಲ್ಲೇ ತಿರುಗಿಸಿದೆ, ತಿರುಗಿತು. ಹಾಕಿದವರು ಸ್ಪ್ಯಾನರ್ ಮುಟ್ಟಿಸಿರಲೇ ಇಲ್ಲ. ಲೆಕ್ಕ ನೋಡಿ: 850 ವಿಎ ಯುಪಿಎಸ್ ಪೂರ್ತಿ ಹೊರೆಯಲ್ಲಿ ಬ್ಯಾಟರಿಯಿಂದ 60–70 ಆಂಪ್ ಎಳೆಯುತ್ತದೆ. ಸಡಿಲವಾದ ಜಾಗದಲ್ಲಿ ಒಂದು ಓಮಿನ ಸಾವಿರದಲ್ಲಿ ಐದು ಪಾಲು ತಡೆ ಇದ್ದರೂ 60 ಆಂಪಿಗೆ ಅಲ್ಲಿ 18 ವ್ಯಾಟ್ ಬಿಸಿ. ರೇಡಿಯೋ ರಿಪೇರಿಯವರ ಸಾಲ್ಡರಿಂಗ್ ಕಡ್ಡಿ 25 ವ್ಯಾಟಿನದು! 12 ವೋಲ್ಟ್ ಅಂದರೆ ಶಾಕ್ ಹೊಡೆಯುವುದಿಲ್ಲ, ಅದಕ್ಕೆ ಜನ ಹಗುರವಾಗಿ ತೆಗೆದುಕೊಳ್ಳುತ್ತಾರೆ. ವೋಲ್ಟ್ ಕಮ್ಮಿ ಆದಷ್ಟೂ ಆಂಪ್ ಜಾಸ್ತಿ, ಬಿಸಿ ಮಾಡುವುದು ಆಂಪ್.

ಹಾಗಾಗಿ ನಿಮ್ಮಲ್ಲಿ ಮೊದಲ ಕೆಲಸಕ್ಕೆ ದುಡ್ಡೇ ಬೇಡ. ಮೊದಲು ಯುಪಿಎಸ್ ಆಫ್ ಮಾಡಿ ಮೇನ್ ಪ್ಲಗ್ ಕಿತ್ತು, ಪ್ಯಾನೆಲ್ ಬಿಡಿಸಿಕೊಳ್ಳಿ. ಆಮೇಲೆ ಬ್ಯಾಟರಿಯ ಎರಡೂ ನಟ್ ಸ್ಪ್ಯಾನರಿನಿಂದ ಬಿಗಿ ಮಾಡಿ. ಸ್ಪ್ಯಾನರ್ ಹಿಡಿಕೆಗೆ ಇನ್ಸುಲೇಷನ್ ಟೇಪ್ ಸುತ್ತಿರಿ, ಅದು ಪ್ಲಸ್ ಮೈನಸ್ ಎರಡಕ್ಕೂ ತಾಗಿದರೆ ಅಲ್ಲೇ ವೆಲ್ಡಿಂಗ್. ಕೈಬಳೆ, ಉಂಗುರ ತೆಗೆದಿಡಿ. ಪ್ಲಸ್ ಟರ್ಮಿನಲ್‌ನಿಂದ ಒಂದು ಗೇಣಿನೊಳಗೆ ಯುಪಿಎಸ್ ಕಡೆಗೆ 80 ಆಂಪಿನ ಡಿಸಿ ಫ್ಯೂಸ್, ಕಂಟ್ರೋಲರ್ ಕಡೆಗೆ 30 ಆಂಪಿನದು ಹಾಕಿಸಿ. ಯುಪಿಎಸ್ ಕಡೆಯ ವೈರ್ 16 ಸ್ಕ್ವೇರ್ ಎಂಎಂಗಿಂತ ತೆಳ್ಳಗಿದ್ದರೆ ಅದನ್ನೂ ಬದಲಾಯಿಸಿ. ಮನೆಯ ಬೋರ್ಡಿನಲ್ಲಿ ಉಳಿದ ಎಂಸಿಬಿ ಇದೆ, ಅದನ್ನೇ ಹಾಕೋಣ ಅಂತ ಹೋಗಬೇಡಿ. ಎಸಿ ಕರೆಂಟ್ ಸೆಕೆಂಡಿಗೆ ನೂರು ಸಲ ಸೊನ್ನೆಗೆ ಬಂದು ಹೋಗುತ್ತದೆ, ಅಲ್ಲಿ ಕಿಡಿ ಆರುತ್ತದೆ. ಡಿಸಿಯಲ್ಲಿ ಆ ಬಿಡುವು ಇಲ್ಲ. ಎಸಿಯ ಎಂಸಿಬಿ ಒಳಗೇ ಕಿಡಿ ಎಳೆದುಕೊಂಡು ಸುಟ್ಟದ್ದನ್ನು ನೋಡಿದ್ದೇನೆ.

ಇನ್ನು ಚಾರ್ಜಿನ ವೋಲ್ಟ್. ನಿಮ್ಮ ಕಂಟ್ರೋಲರಿನಲ್ಲಿ ವೋಲ್ಟನ್ನು ನಾವೇ ಕೂರಿಸುವ ಯೂಸರ್ ಮೋಡ್ ಇದ್ದರೆ ಬೂಸ್ಟ್ (ತುಂಬಿಸುವ ವೋಲ್ಟ್) 14.2, ಫ್ಲೋಟ್ (ತುಂಬಿದ ಮೇಲೆ ಹಿಡಿದಿಡುವ ವೋಲ್ಟ್) 13.5 ಇಡಿ. ಈಕ್ವಲೈಸ್ ಬಂದ್ ಮಾಡಿ. ಬಂದ್ ಮಾಡಲು ಬಿಡದಿದ್ದರೆ ಅದನ್ನೂ 14.2 ಅಂತಲೇ ಕೊಡಿ. ಟೆಂಪರೇಚರ್ ಕಾಂಪನ್ಸೇಷನ್ ಸೊನ್ನೆ. ಬಲ್ಬ್ ಕಡಿಯುವ ವೋಲ್ಟ್ 12, ಮತ್ತೆ ಹತ್ತುವುದು 13. ಮಿತಿ 14.6 ಇರುವಾಗ 14.2 ಯಾಕೆ ಅಂತ ಕೇಳಬಹುದು. 14.2ಕ್ಕೇ ಬ್ಯಾಟರಿ ಹೆಚ್ಚುಕಮ್ಮಿ ಪೂರ್ತಿ ತುಂಬಿರುತ್ತದೆ, ಅಲ್ಲಿಂದ ಮೇಲೆ ಸಿಗುವುದು ಒಂದು ಲೋಟ ನೀರಿನಷ್ಟು. ಅದರ ಆಸೆಗೆ ಬಿಎಂಎಸ್ಸಿಗೆ ಗುದ್ದಿಸುವುದು ಬೇಡ. ಹಾಗಂತ 13.8ಕ್ಕೇ ನಿಲ್ಲಿಸಿಬಿಡುವುದೂ ಸರಿಯಲ್ಲ. ಸೆಲ್‌ಗಳನ್ನು ಒಂದೇ ಸಮ ಮಾಡುವ ಕೆಲಸ ಬಿಎಂಎಸ್ ಮಾಡುವುದು ಮೇಲಿನ ವೋಲ್ಟಿನಲ್ಲಿ ಮಾತ್ರ. ಇಂಥ ಸೆಟ್ಟಿಂಗ್ ಯಾವುದೂ ಇಲ್ಲದ ಅಗ್ಗದ ಕಂಟ್ರೋಲರ್ ಆಗಿದ್ದರೆ ಲಿಥಿಯಂ ಮೋಡ್ ಇರುವ ಎಂಪಿಪಿಟಿ (ಪ್ಯಾನೆಲ್‌ನಿಂದ ಹೆಚ್ಚು ಶಕ್ತಿ ತೆಗೆಯುವ ಬಗೆಯ) ಕಂಟ್ರೋಲರ್ ತನ್ನಿ. 30 ಆಂಪಿನದು ನಿಮ್ಮ ಎರಡು ಪ್ಯಾನೆಲ್‌ಗೆ ಧಾರಾಳ. ಜೋಡಿಸುವಾಗ ಮೊದಲು ಬ್ಯಾಟರಿ, ಆಮೇಲೆ ಪ್ಯಾನೆಲ್. ಬಿಚ್ಚುವಾಗ ಮೊದಲು ಪ್ಯಾನೆಲ್. ಇದು ಉಲ್ಟಾ ಆದರೂ ಬಲ್ಬಿಗೆ ಅದೇ ಗತಿ. ಕೊಟ್ಟಿಗೆಗೆ ಈ ಸಲ 9ರಿಂದ 30 ವೋಲ್ಟ್ ತಡೆಯುವ ಡಿಸಿ ಬಲ್ಬ್ ಹಾಕಿ.

ಯುಪಿಎಸ್ ಸ್ವಲ್ಪ ತಲೆನೋವು. ಹಿಂದುಗಡೆ ಬ್ಯಾಟರಿಯ ಬಗೆ ಆರಿಸಲು ಟ್ಯೂಬ್ಯುಲರ್, ಫ್ಲಾಟ್, ಎಸ್‌ಎಂಎಫ್ (ನೀರು ಹಾಕಬೇಕಿಲ್ಲದ ಸೀಲ್ ಮಾಡಿದ ಸೀಸದ ಬ್ಯಾಟರಿ) ಅಂತ ಸ್ವಿಚ್ ಇರುತ್ತದೆ. ಈಗ ಟ್ಯೂಬ್ಯುಲರಿನಲ್ಲಿರಬೇಕು, ಅದರಲ್ಲಿ ವೋಲ್ಟ್ ಎಲ್ಲಕ್ಕಿಂತ ಜಾಸ್ತಿ. ಲಿಥಿಯಂ ಅಂತ ಇದ್ದರೆ ಕಣ್ಣು ಮುಚ್ಚಿ ಅದಕ್ಕೆ ಹಾಕಿ. ಇಲ್ಲದಿದ್ದರೆ ಎಸ್‌ಎಂಎಫ್‌ಗೆ ಹಾಕಿ ಅಳೆದು ನೋಡಬೇಕು. ಚಾರ್ಜ್ ತುಂಬುತ್ತಾ ಬಂದಾಗ 14.4 ಮೀರದೆ, ಆಮೇಲೆ 13.5–13.8ಕ್ಕೆ ಇಳಿದರೆ ಸದ್ಯಕ್ಕೆ ನಡೆಯುತ್ತದೆ. ಮೀರಿದರೆ ಆ ಯುಪಿಎಸ್ ಈ ಬ್ಯಾಟರಿಗೆ ಆಗುವುದಿಲ್ಲ. ಅಳತೆ ಸರಿ ಬಂದರೂ ಅದರ 10.5ರ ಕಡಿತ ಹಾಗೇ ಉಳಿಯುತ್ತದೆ. ಅಂದರೆ ಕರೆಂಟ್ ಇಲ್ಲದ ಎರಡನೇ ರಾತ್ರಿ ಯುಪಿಎಸ್ ಕೂಗುವ ಮೊದಲೇ ನೀವೇ ಅದನ್ನು ಆಫ್ ಮಾಡಬೇಕು. ಮನೆಯಲ್ಲಿ ಎಲ್ಲರಿಗೂ ಇದು ನೆನಪಿರುತ್ತದೆಯೇ ಅಂತ ಯೋಚಿಸಿ. ನಿಮ್ಮ ಜಾಗದಲ್ಲಿ ನಾನಿದ್ದರೆ ಕಂಟ್ರೋಲರ್ ಈಗಲೇ ಸರಿ ಮಾಡಿಕೊಂಡು, ಯುಪಿಎಸ್ಸನ್ನು ಮುಂದಿನ ಮಳೆಗಾಲದೊಳಗೆ ಲಿಥಿಯಂನದಕ್ಕೆ ಬದಲಾಯಿಸುತ್ತಿದ್ದೆ.

ಹಳೇ ಟ್ಯೂಬ್ಯುಲರನ್ನು ಪಕ್ಕದಲ್ಲಿ ಸೇರಿಸುವುದು ಬೇಡ. ತುಂಬಿದ ಸೀಸದ ಬ್ಯಾಟರಿ ಸುಮ್ನೆ ಕೂತಾಗ 12.7, ಲಿಥಿಯಂ 13.3. ಹೊಸದು ಹಗಲೂ ರಾತ್ರಿ ಹಳೆಯದಕ್ಕೆ ಉಣ್ಣಿಸುತ್ತಾ ಕೂರುತ್ತದೆ. ಆರು ವರ್ಷದ ಬ್ಯಾಟರಿಯಲ್ಲಿ ಒಂದು ಸೆಲ್ ಒಳಗೇ ಶಾರ್ಟ್ ಆದರೆ ಅದು 10.5ಕ್ಕೆ ಬೀಳುತ್ತದೆ, ಆಗ ಲಿಥಿಯಂನಿಂದ ಒಮ್ಮೆಗೇ ದೊಡ್ಡ ಕರೆಂಟ್ ಅತ್ತ ಹರಿಯುತ್ತದೆ. ಎಕ್ಸ್‌ಚೇಂಜಿಗೆ ಕೊಡಿ, ಸೀಸಕ್ಕೆ ಬೆಲೆ ಇದೆ.

ಪಿಕಪ್‌ನಿಂದ ಚಾರ್ಜ್ ಮಾಡಬಹುದು, ಜಂಪರ್ ವೈರ್ ಹಾಕಿ ಸೀದಾ ಮಾತ್ರ ಬೇಡ. ಲಿಥಿಯಂ ಎಷ್ಟು ಕೊಟ್ಟರೂ ನುಂಗುತ್ತದೆ. ನಿಂತಲ್ಲೇ ಓಡುವ ಇಂಜಿನ್ನಿನ ಡೈನಮೋ ಪೂರ್ತಿ ಹೊರೆ ಎಳೆಯುತ್ತಾ ಗಾಳಿ ಸಾಲದೆ ಕಾದು ಕೆಂಡವಾಗುತ್ತದೆ. ನಡುವೆ ಬಿಎಂಎಸ್ ಕಡಿದರೆ ವೋಲ್ಟ್ ಒಮ್ಮೆಗೇ ಜಿಗಿದು ಡೈನಮೋದ ಡಯೋಡ್ ಹೋಗುತ್ತದೆ, ಗಾಡಿಯ ಬೇರೆ ಎಲೆಕ್ಟ್ರಾನಿಕ್ಸ್‌ಗೂ ಪೆಟ್ಟು. ನಡುವೆ 20 ಆಂಪಿನ ಡಿಸಿ-ಡಿಸಿ ಚಾರ್ಜರ್ ಇರಬೇಕು, ಲಿಥಿಯಂ ಸೆಟ್ಟಿಂಗ್ ಇರುವಂಥದ್ದು. ಆಗಲೂ ಖಾಲಿ ಬ್ಯಾಟರಿ ತುಂಬಲು ಐದು ಗಂಟೆಗಿಂತ ಜಾಸ್ತಿ ಇಂಜಿನ್ ಓಡಬೇಕು. ಅಷ್ಟು ಡೀಸೆಲ್ ಸುಡುವುದಕ್ಕಿಂತ ಅಡಿಕೆ ಒಯ್ಯಲು, ಪೇಟೆಗೆ ಹೋಗಲು ಗಾಡಿ ತೆಗೆದಾಗ ಬ್ಯಾಟರಿಯನ್ನು ಹಿಂದೆ ಕಟ್ಟಿಕೊಂಡು ಹೋದರೆ ಲೆಕ್ಕಕ್ಕೆ ಬರುತ್ತದೆ. ಶೆಡ್ಡಿನೊಳಗೆ ಇಂಜಿನ್ ಓಡಿಸಿ ಚಾರ್ಜ್ ಮಾಡುವುದು ಖಂಡಿತ ಬೇಡ, ಹೊಗೆ ಪ್ರಾಣ ತೆಗೆಯುತ್ತದೆ.

ಬ್ಯಾಟರಿ ಮನೆಯೊಳಗೇ ಇರಲಿ. ತಗಡಿನ ಮಾಡಿನ ಕೆಳಗಿನ ಅಟ್ಟ ಮತ್ತು ಬಚ್ಚಲ ಒಲೆಯ ಗೋಡೆ, ಇವೆರಡು ಬಿಟ್ಟು. 45 ಡಿಗ್ರಿ ಮೇಲೆ ಇದನ್ನು ಚಾರ್ಜ್ ಮಾಡಬಾರದು, ಬೇಸಗೆಯಲ್ಲಿ ತಗಡಿನ ಕೆಳಗೆ ಅಷ್ಟು ಆಗುತ್ತದೆ. ಸೊನ್ನೆ ಡಿಗ್ರಿ ಕೆಳಗೂ ಚಾರ್ಜ್ ಮಾಡಬಾರದು, ಆ ಚಿಂತೆ ಲಡಾಖಿನಲ್ಲಿರುವವರಿಗೆ ಇರಲಿ. ಡಿಸ್ಟಿಲ್ಡ್ ವಾಟರ್ ಬೇಡ. ತಿಂಗಳಿಗೊಮ್ಮೆ ಪೂರ್ತಿ ಖಾಲಿ ಮಾಡಿ ತುಂಬಬೇಕು ಅನ್ನುವುದು ಹಳೇ ನಿಕಲ್-ಕ್ಯಾಡ್ಮಿಯಂ ಕಾಲದ ಮಾತು, ಇದಕ್ಕಿಲ್ಲ. ಡಬ್ಬಿ ಉಬ್ಬಿದ್ದು ಕಂಡರೆ ಅಥವಾ ಸಿಹಿ ಸಿಹಿ ನೇಲ್ ಪಾಲಿಶ್ ಥರದ ವಾಸನೆ ಬಂದರೆ ಯುಪಿಎಸ್, ಪ್ಯಾನೆಲ್ ಎರಡನ್ನೂ ಬಂದ್ ಮಾಡಿ ಹೊರಗೆ ಬನ್ನಿ, ಬಿಚ್ಚಿ ನೋಡಲು ಹೋಗಬೇಡಿ.

ಮುಂದಿನ ಬಿಸಿಲಿನ ದಿನ ಮಧ್ಯಾಹ್ನ 12ರಿಂದ 2ರವರೆಗೆ ಹತ್ತು ನಿಮಿಷಕ್ಕೊಮ್ಮೆ ಬ್ಯಾಟರಿಯ ಟರ್ಮಿನಲ್ ಮೇಲೇ ಮೀಟರ್ ಹಿಡಿದು ವೋಲ್ಟ್ ಬರೆದಿಡಿ. ರಾತ್ರಿ ಪ್ಯಾನೆಲ್ ಮಲಗಿದ ಮೇಲೆ ಬರೀ ಯುಪಿಎಸ್ ಚಾರ್ಜ್ ಮಾಡುವಾಗ ಇನ್ನೊಂದು ಸಲ. ಆ ಎರಡು ಪಟ್ಟಿ ಮತ್ತು ಕಂಟ್ರೋಲರ್ ಹಿಂಭಾಗದ ಲೇಬಲ್ಲಿನ ಫೋಟೋ ಕಳಿಸಿ. ಯುಪಿಎಸ್ ಉಳಿಸಿಕೊಳ್ಳಬಹುದೇ ಇಲ್ಲವೇ ಅಂತ ಅದನ್ನು ನೋಡಿ ಹೇಳುತ್ತೇನೆ.